ಸೊನ್ನೆ ನಂಬರಿನ ಡಬ್ಬಿ

"ಹೋಗಬೇಕಾದ ಕಡೆ ಹೋಗದೆ ಇದ್ದ ಸಂದೇಶ ಎಲ್ಲಿಗೆ ಹೋಯ್ತು ಅಂತ ನಾನು ಕೇಳಿದ್ದು," ಎಂದರು ಟ್ರಂಕಮ್ಮ. "ಎಲ್ಲಿಗೂ ಹೋಗಿಲ್ಲ ಅಂತ ಮಾತ್ರ ಹೇಳಬೇಡ. ಮೂವತ್ತೊಂದು ವರ್ಷ ಟ್ರಂಕ್ ಲೈನಿನ ಮುಂದೆ ಕೂತವಳು ನಾನು. ಜನ ಆಡಿದ ಮಾತು ಎಲ್ಲಾದರೂ ಒಂದು ಕಡೆ ಹೋಗಿ ಬಿದ್ದೇ ಬಿದ್ದಿರುತ್ತೆ."

ಸೂಜಿ ತಲೆ ಎತ್ತಲಿಲ್ಲ. ಕಾರ್ಖಾನೆಯ ಫೋನು, ತಂತಿ, ವಾಯ್ಸ್‌ಮೇಲ್ ಎಲ್ಲವನ್ನೂ ನೋಡಿಕೊಳ್ಳುವವನು ಅವನೊಬ್ಬನೇ. ಆ ಹೆಸರು ಬಂದದ್ದು ಮೈಕಟ್ಟಿನಿಂದ. ಮೆಟ್ಟಿಲ ಕೆಳಗಿನ ಆ ಕೋಣೆಗೆ ಅಂಥ ಮೈಕಟ್ಟೇ ಬೇಕಿತ್ತು. ಒಂದು ಕಡೆ ಪೊರಕೆ, ಬಕೆಟ್ಟು. ಇನ್ನೊಂದು ಕಡೆ ಕಬ್ಬಿಣದ ಕಪಾಟಿನಷ್ಟು ಎತ್ತರದ ವಾಯ್ಸ್‌ಮೇಲ್ ಯಂತ್ರ. ಎರಡರ ನಡುವೆ ಒಂದು ಸ್ಟೂಲು. ಅದರ ಮೇಲೆ ಟ್ರಂಕಮ್ಮ ಕೂತಿದ್ದರಿಂದ ಸೂಜಿ ನಿಂತೇ ಇದ್ದ.

ಸರಿಯಾಗಿ ಮೂವತ್ತು ದಿನಗಳ ಹಿಂದೆ, ಸಂಜೆ ನಾಲ್ಕಕ್ಕೆ, ಈ ಕಾರ್ಖಾನೆಯಲ್ಲಿ ಬಟ್ಟೆಗೆ ಬಣ್ಣ ಹಾಕುವ ಮೂರನೇ ಕೊಪ್ಪರಿಗೆಯ ಮುಚ್ಚಳ ಉಗಿಯ ಒತ್ತಡಕ್ಕೆ ಹಾರಿ, ಬಣ್ಣದ ಷೆಡ್ಡಿನ ಮೇಸ್ತ್ರಿ ಸತ್ತಿದ್ದ. ಮುಚ್ಚಳ ಕೆಟ್ಟಿದೆ, ಉಗಿ ಬಿಡಬೇಡಿ ಎಂದು ಅಂದು ಬೆಳಿಗ್ಗೆಯೇ ಮುಖ್ಯ ಕಚೇರಿಯ ಸುರಕ್ಷತಾ ಅಧಿಕಾರಿಗೆ ವಾಯ್ಸ್‌ಮೇಲ್ ಬಿಟ್ಟಿದ್ದೆ ಎನ್ನುತ್ತಾನೆ ಕಾರ್ಖಾನೆಯ ಫಿಟ್ಟರ್. ಅಂಥದ್ದು ಬಂದೇ ಇಲ್ಲ ಎನ್ನುತ್ತಾರೆ ಅಧಿಕಾರಿ. ಸತ್ತ ಮೇಸ್ತ್ರಿ ಬೇರೆ ಯಾರೂ ಅಲ್ಲ, ಫಿಟ್ಟರನ ಸ್ವಂತ ಅಕ್ಕನ ಗಂಡ.

ವಿಚಾರಣೆಯಲ್ಲಿ ಕೆಲಸ ಹೋಗಬಹುದು, ಪೊಲೀಸು ಕೇಸೂ ಆಗಬಹುದು. ದೂರದ ಊರುಗಳ ಕರೆ ಜೋಡಿಸುವ ಕೆಲಸದಿಂದ ನಿವೃತ್ತರಾದ ಮೇಲೆ ಜನರ ಇಂಥ ಸಿಕ್ಕು ಬಿಡಿಸಿಕೊಡುತ್ತಿದ್ದ ಟ್ರಂಕಮ್ಮನ ಮನೆ ಬಾಗಿಲನ್ನು ಫಿಟ್ಟರ್ ತಟ್ಟಿದ್ದು ಅದಕ್ಕಲ್ಲ. ಮಣ್ಣು ಮಾಡಿದ ದಿನದಿಂದ ಅಕ್ಕ ಅವನಿಗೆ ಬಾಗಿಲು ತೆರೆದಿರಲಿಲ್ಲ. ಎಚ್ಚರಿಸಿದ್ದೆ ಎಂದು ಸುಳ್ಳು ಹೇಳುತ್ತಿದ್ದಾನೆ ಎಂದೇ ನಂಬಿದ್ದಳು. "ಕೆಲಸ ಹೋದ್ರೆ ಹೋಗ್ಲಿ ಅಮ್ಮಾ," ಎಂದಿದ್ದ ಅವನು. "ಅಕ್ಕ ಒಂದು ಸಲ ನನ್ನ ಮುಖ ನೋಡಿದ್ರೆ ಸಾಕು."

ಹಾಗಾಗಿ ಆ ಒಂದು ಸಂದೇಶ ಬೇಕಿತ್ತು.

ಸೂಜಿ ಬಾಯಿ ಬಿಟ್ಟದ್ದು ಟ್ರಂಕಮ್ಮ ಎರಡನೇ ಸಲ ಕೇಳಿದ ಮೇಲೆ. ಒಮ್ಮೆ ಬಿಟ್ಟವನು ಮುಚ್ಚಲಿಲ್ಲ. ತಪ್ಪು ಮಾಡಿದವರಿಗೆ ತಾಂತ್ರಿಕ ವಿವರಗಳ ಮೇಲೆ ವಿಶೇಷ ಪ್ರೀತಿ. ಅಷ್ಟು ಹೊತ್ತು ತಪ್ಪಿನ ಹೆಸರು ಹೇಳುವುದು ತಪ್ಪುತ್ತದೆ.

ಕಾರ್ಖಾನೆಗೆ ಒಂದು ಯಂತ್ರ, ಊರೊಳಗಿನ ಮುಖ್ಯ ಕಚೇರಿಗೆ ಇನ್ನೊಂದು. ಪ್ರತಿಯೊಬ್ಬರಿಗೂ ಒಂದೊಂದು ನಂಬರಿನ ಪೆಟ್ಟಿಗೆ. ಕಾರ್ಖಾನೆಯವರ ಬಾಯಲ್ಲಿ ಅದು ಡಬ್ಬಿ. ಎರಡು ಯಂತ್ರಗಳಿಗೂ ಮೂರು ವರ್ಷದ ಹಿಂದೆ ನೆಂಟಸ್ತನ ಮಾಡಿಸಿದವನು ಸೂಜಿಯೇ. ಇಲ್ಲಿಯವನು ಆರು ಒತ್ತಿ ಅಲ್ಲಿಯವರ ಡಬ್ಬಿ ನಂಬರು ಒತ್ತಿ ಮಾತಾಡಿದರೆ, ಈ ಯಂತ್ರ ಆ ದನಿಯನ್ನು ಇ-ಮೇಲಿನಂತೆ ಮಡಿಸಿ, ಮೇಲೆ ವಿಳಾಸ ಬರೆದು, ತಂತಿಯ ಮೇಲೆ ಆ ಯಂತ್ರಕ್ಕೆ ಕಳಿಸುತ್ತದೆ. ವಿಳಾಸವೂ ಇ-ಮೇಲಿನದೇ: ಮುಂದೆ ಡಬ್ಬಿಯ ನಂಬರು, ನಡುವೆ ಆ ಸುರುಳಿ ಗುರುತು, ಹಿಂದೆ ಯಂತ್ರದ ಹೆಸರು.

ಎರಡು ತಿಂಗಳ ಹಿಂದೆ ಮುಖ್ಯ ಕಚೇರಿಯವರಿಗೆ ಮೂರಂಕಿಯ ನಂಬರು ಸಾಲದಾಯಿತು. ಎಲ್ಲರ ಡಬ್ಬಿಗೂ ನಾಲ್ಕಂಕಿ ಬಂತು. ಅಲ್ಲಿನ ಯಂತ್ರದಲ್ಲಿ ಒಂದೇ ದಿನದಲ್ಲಿ ಬದಲಾಯಿತು. ಆದರೆ ಕಾರ್ಖಾನೆಯ ಯಂತ್ರದಲ್ಲಿ ಅವರ ವಿಳಾಸಗಳ ಇನ್ನೊಂದು ಪಟ್ಟಿ ಇತ್ತು. ಅದನ್ನು ಕೈಯಿಂದಲೇ ತಿದ್ದಬೇಕು. ಒಟ್ಟು ನೂರ ಹನ್ನೆರಡು ವಿಳಾಸ.

"ಎಷ್ಟು ತಿದ್ದಿದೆ?"

"ಹನ್ನೊಂದು."

"ಯಾವ ಹನ್ನೊಂದು?"

ಸೂಜಿ ಬಕೆಟ್ಟಿನ ಕಡೆ ನೋಡಿದ. "ದೊಡ್ಡವರಿಂದ ಶುರು ಮಾಡಿದೆ ಅಮ್ಮಾ. ಅಧ್ಯಕ್ಷರಿಂದ ಕೆಳಕ್ಕೆ. ಆಮೇಲೆ ಕತ್ತು ನೋವು ಬಂತು. ಆಮೇಲೆ ರಜ. ಉಳಿದದ್ದು ನಾಳೆ, ನಾಳೆ ಅಂತ."

"ಸುರಕ್ಷತಾ ಅಧಿಕಾರಿ ಎಷ್ಟನೆಯವರು?"

"ಹನ್ನೆರಡು."

ಟ್ರಂಕಮ್ಮ ಅವನ ಮುಖವನ್ನೇ ನೋಡಿದರು. ಆ ನೋಟಕ್ಕೆ ಸೂಜಿ ಇನ್ನೂ ಸ್ವಲ್ಪ ಸಣ್ಣಗಾದ.

ಇಷ್ಟು ದಿನ ಯಾರೂ ದೂರು ಕೊಟ್ಟಿರಲಿಲ್ಲ. ಅದರಲ್ಲಿ ಆಶ್ಚರ್ಯವೂ ಇರಲಿಲ್ಲ. ಮೇಲಿನ ಹನ್ನೊಂದು ಜನಕ್ಕೆ ಅವರವರ ಸಂದೇಶ ಬರುತ್ತಿತ್ತು. ಉಳಿದ ನೂರೊಂದು ಜನ ಕಾರ್ಖಾನೆಯಿಂದ ಏನಾದರೂ ಬರಬಹುದೆಂದು ಕಾದಿರಲಿಲ್ಲ. ಕಾರ್ಖಾನೆಯವರೂ ಕಚೇರಿಯಿಂದ ಉತ್ತರ ಬರಬಹುದೆಂದು ಕಾದಿರಲಿಲ್ಲ. ಪರಸ್ಪರ ಇಷ್ಟು ಚೆನ್ನಾಗಿ ಅರಿತುಕೊಂಡ ಸಂಸ್ಥೆಗಳು ಅಪರೂಪ.

"ವಿಳಾಸ ಸಿಗದ ಸಂದೇಶ ವಾಪಸ್ ಬರುತ್ತೆ," ಎಂದ ಸೂಜಿ. "ಕಳಿಸಿದವನ ಡಬ್ಬಿಗೇ ಬರಬೇಕು. ಆದರೆ ಫಿಟ್ಟರ್ ಮಾತಾಡಿದ್ದು ಬಾಯ್ಲರ್ ಮನೆ ಗೋಡೆ ಫೋನಿನಿಂದ. ಅದಕ್ಕೆ ಡಬ್ಬಿ ಇಲ್ಲ. ದಿಕ್ಕಿಲ್ಲದ್ದೆಲ್ಲ ಸೊನ್ನೆಗೆ ಹೋಗುತ್ತೆ ಅಮ್ಮಾ. ಸೊನ್ನೆ ಅಂದ್ರೆ ಟೆಲಿಫೋನ್ ಬೋರ್ಡಿನ ಆಪರೇಟರ್ ಡಬ್ಬಿ."

"ಬೋರ್ಡಿನಮ್ಮ ತೀರಿಕೊಂಡು ಎರಡು ವರ್ಷ ಆಯ್ತಲ್ಲ?"

ಆಗಿತ್ತು. ಆ ಕೆಲಸಕ್ಕೆ ಮತ್ತೆ ಯಾರನ್ನೂ ತೆಗೆದುಕೊಂಡಿರಲಿಲ್ಲ. ಈಗ ಹೊರಗಿನ ಫೋನುಗಳಿಗೆ ಯಂತ್ರವೇ ಉತ್ತರ ಕೊಡುತ್ತದೆ. ಡಬ್ಬಿಯನ್ನು ಅಂದೇ ಅಳಿಸಬೇಕಿತ್ತು. ಬೋರ್ಡಿನಮ್ಮನ ಗಂಡ ಬಂದು ಇದೇ ಬಾಗಿಲಲ್ಲಿ ನಿಂತು, ಅಳಿಸಬೇಡಪ್ಪ ಎಂದು ಕೇಳಿದ್ದರಂತೆ. ಅವರು ಇದೇ ಕಾರ್ಖಾನೆಯಲ್ಲಿ ನಕ್ಷೆ ಬರೆಯುತ್ತಿದ್ದು ನಿವೃತ್ತರಾದವರು. ಎಲ್ಲರಿಗೂ ನಕ್ಷೆ ಮೇಷ್ಟ್ರು. ಹೊರಗಿನಿಂದ ಫೋನು ಮಾಡಿ ಸೊನ್ನೆ ಒತ್ತಿದರೆ ಹೆಂಡತಿ ಹಿಂದೆ ಹೇಳಿಟ್ಟಿದ್ದ ನಾಲ್ಕು ಮಾತು ಕೇಳುತ್ತದೆ. ಅಷ್ಟೇ ಅವರಿಗೆ ಬೇಕಾದದ್ದು. ಯಾರಿಗೂ ತೊಂದರೆಯಿಲ್ಲವಲ್ಲ ಎಂದು ಸೂಜಿ ಬಿಟ್ಟಿದ್ದ.

"ಜೀವಮಾನದಲ್ಲಿ ಮಾಡಿದ ಒಂದೇ ಒಳ್ಳೆ ಕೆಲಸ ಅದು ಅಂದ್ಕೊಂಡಿದ್ದೆ," ಎಂದ.

ಯಂತ್ರದ ದಾಖಲೆಯಲ್ಲಿ ಅಂದಿನ ಮಧ್ಯಾಹ್ನದವರೆಗಿನದು ಕಾಗದದ ಮೇಲೆ ಉರುಳಿಬಂತು. ಅಂದು ಹನ್ನೊಂದೂ ಇಪ್ಪತ್ತಕ್ಕೆ ಬಾಯ್ಲರ್ ಮನೆಯಿಂದ ಸಂದೇಶ ಹೋಗಿದೆ. ಹನ್ನೊಂದೂ ಇಪ್ಪತ್ತೊಂದಕ್ಕೆ ವಾಪಸ್ ಬಂದು ಸೊನ್ನೆಗೆ ಬಿದ್ದಿದೆ. ಹನ್ನೆರಡೂ ಐದಕ್ಕೆ ಯಾರೋ ಹೊರಗಿನಿಂದ ಫೋನು ಮಾಡಿ, ಗುಟ್ಟಿನ ನಂಬರು ಒತ್ತಿ, ಡಬ್ಬಿ ತೆರೆದಿದ್ದಾರೆ.

ಸುಮ್ಮನೆ ಹೆಂಡತಿಯ ದನಿ ಕೇಳುವವರಿಗೆ ಗುಟ್ಟಿನ ನಂಬರು ಬೇಕಿಲ್ಲ. ಅದು ಬೇಕಾಗುವುದು ಒಳಗಿನ ಸಂದೇಶ ಕೇಳಲು. ಟ್ರಂಕಮ್ಮ ಆ ಸಾಲಿನ ಕೆಳಗೆ ಉಗುರಿನಿಂದ ಗೀರಿದರು.

"ಸಂದೇಶ ಇನ್ನೂ ಇದೆಯಾ?"

"ಇದೆ. ಇವತ್ತು ಸಂಜೆ ಐದರವರೆಗೆ. ಮೂವತ್ತು ದಿನ ಆದದ್ದನ್ನ, ಕೇಳಿದ್ದಿರಲಿ ಕೇಳದ್ದಿರಲಿ, ಐದು ಗಂಟೆಗೆ ಯಂತ್ರ ತಾನೇ ಗುಡಿಸಿಬಿಡುತ್ತೆ. ಅದನ್ನ ನಿಲ್ಲಿಸೋ ಅಧಿಕಾರ ಮುಖ್ಯ ಕಚೇರಿಯವರದು." ಆಮೇಲೆ ಸೂಜಿ ಇನ್ನೂ ತಗ್ಗಿದ ದನಿಯಲ್ಲಿ ಹೇಳಿದ: ಗುಟ್ಟಿನ ನಂಬರನ್ನು ತಾನೇ ಬದಲಾಯಿಸಿ ಡಬ್ಬಿ ತೆರೆಯಬಹುದು, ಎರಡು ನಿಮಿಷದ ಕೆಲಸ. ಆದರೆ ಹಾಗೆ ಬದಲಾಯಿಸಿದರೆ ಈ ಹಳೇ ಯಂತ್ರ ಡಬ್ಬಿಯ ಮುಖದ ಮಾತನ್ನು ಅಳಿಸುತ್ತದೆ. ಬೋರ್ಡಿನಮ್ಮನ ದನಿ ಹೋಗುತ್ತದೆ.

ಮೂರೂ ಕಾಲು ಗಂಟೆ. ಟ್ರಂಕಮ್ಮ ಸ್ಟೂಲಿನಿಂದ ಎದ್ದರು.

"ಅವರನ್ನೇ ಕೇಳ್ತೀನಿ. ನಾಲ್ಕೂ ಮುಕ್ಕಾಲಿಗೆ ನನ್ನ ಫೋನು ಬರದಿದ್ದರೆ ಬದಲಾಯಿಸು."

"ನನ್ನ ಕೈಲಾಗಲ್ಲ ಅಮ್ಮಾ."

"ನನ್ನ ಕೈಲೂ ಆಗಲ್ಲ," ಎಂದರು ಟ್ರಂಕಮ್ಮ. "ಆದ್ದರಿಂದಲೇ ನಿನಗೆ ಹೇಳ್ತಿರೋದು."

*

ಕಾರು ಟ್ರಂಕಮ್ಮನದು, ಓಡಿಸುತ್ತಿದ್ದವನು ಫಿಟ್ಟರ್. ಸಂದೇಶ ಇದೆ ಎಂದು ತಿಳಿದಾಗ ಅವನು ಒಂದು ನಿಮಿಷ ಸ್ಟಿಯರಿಂಗಿನ ಮೇಲೆ ಹಣೆಯಿಟ್ಟು ಕೂತ. ಆಮೇಲೆ ದಾರಿಯುದ್ದಕ್ಕೂ ಮಾತಾಡಿದ. ಟ್ರಂಕಮ್ಮ ಈ ಕತೆಯನ್ನು ಹಿಂದೆ ಮೂರು ಸಲ ಕೇಳಿದ್ದರು. ನಾಲ್ಕನೇ ಸಲವೂ ಮೊದಲ ಸಲದಂತೆ ಕೇಳಿದರು. ಅದೂ ಒಂದು ಕಸುಬು.

ಬಾಯ್ಲರ್ ಮನೆಯಿಂದ ಬಣ್ಣದ ಷೆಡ್ಡಿಗೆ ನಲವತ್ತು ಹೆಜ್ಜೆ. ನಡೆದುಹೋಗಿ, ಭಾವಾ, ಮುಚ್ಚಳದ ಬೋಲ್ಟು ಬಿರುಕು ಬಿಟ್ಟಿವೆ ಎಂದಿದ್ದರೆ ಮುಗಿಯುತ್ತಿತ್ತು. ಅವನು ನಡೆಯಲಿಲ್ಲ. ಮೂರು ತಿಂಗಳಿಂದ ಭಾವನ ಜೊತೆ ಮಾತು ಬಿಟ್ಟಿದ್ದ. ಯಾವುದೋ ಊಟದ ಮನೆಯಲ್ಲಿ ನೆಂಟರೆಲ್ಲರ ಎದುರು ಭಾವ ತಮಾಷೆ ಮಾಡಿದ್ದ, ನಮ್ಮ ಭಾಮೈದ ಎಲ್ಲಾ ನಟ್ಟೂ ಬಿಗಿ ಮಾಡ್ತಾನೆ, ನಾಲಿಗೆ ಒಂದನ್ನ ಬಿಟ್ಟು ಅಂತ. ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ಅಕ್ಕ ನಕ್ಕದ್ದು ಚುಚ್ಚಿತ್ತು.

ಹೀಗಾಗಿ ನಲವತ್ತು ಹೆಜ್ಜೆಯ ಮಾತು ತಂತಿ ಹತ್ತಿ ಹನ್ನೆರಡು ಮೈಲಿ ಆಚೆಗೆ ಹೋಗಿತ್ತು. ಕೊಪ್ಪರಿಗೆ ನಿಲ್ಲಿಸಲು ಸುರಕ್ಷತಾ ಅಧಿಕಾರಿಯ ಅಪ್ಪಣೆ ಬೇಕೆಂಬುದು ನಿಯಮ. ನಿಯಮದ ನೆನಪು ಮನುಷ್ಯನಿಗೆ ಬರುವುದು ಇಂಥ ಹೊತ್ತಿನಲ್ಲಿಯೇ.

"ಆಮೇಲೆ ಪಂಪಿನ ಮನೆಗೆ ಹೋದೆ. ಸದ್ದು ಕೇಳಿಸೋವರೆಗೂ ಅಲ್ಲೇ ಇದ್ದೆ," ಎಂದ ಫಿಟ್ಟರ್. "ಅವತ್ತು ಮತ್ತೆ ಷೆಡ್ಡಿನ ಕಡೆ ಕಾಲಿಡಲಿಲ್ಲ ಅಮ್ಮಾ. ಅದೇ ನನ್ನ ಪಾಪ."

ಮೇಷ್ಟ್ರ ಮನೆ ಬಂತು. ನೀನು ಕಾರಿನಲ್ಲೇ ಇರು ಎಂದು ಟ್ರಂಕಮ್ಮ ಇಳಿದರು.

*

ಮೇಷ್ಟ್ರು ಬಾಗಿಲು ತೆರೆದು, ಬನ್ನಿ ಎನ್ನದೆ, ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ತಿಂಗಳಿಂದ ಯಾರನ್ನೋ ಕಾಯುತ್ತಿದ್ದವರ ರೀತಿ ಅದು.

ಕಿಟಕಿಯ ಬಳಿ ಓರೆಯಾಗಿ ನಿಲ್ಲಿಸಿದ ನಕ್ಷೆಯ ಮೇಜು, ಅದರ ಮೇಲೆ ಏನೂ ಇಲ್ಲ. ಪಕ್ಕದ ಸಣ್ಣ ಸ್ಟೂಲಿನ ಮೇಲೆ ಫೋನು. ಅದಕ್ಕೆ ಕಸೂತಿ ಹಾಕಿದ ಬಟ್ಟೆಯ ಹೊದಿಕೆ. ಎದುರಿಗೆ ಒಂದೇ ಕುರ್ಚಿ. ಟ್ರಂಕಮ್ಮನಿಗೆ ಅದನ್ನು ಕೊಟ್ಟು ಅವರು ಕಿಟಕಿಯ ಕಟ್ಟೆಗೆ ಒರಗಿದರು.

ಟ್ರಂಕಮ್ಮ ಸುತ್ತಿ ಬಳಸಲಿಲ್ಲ. ಸೊನ್ನೆ ಡಬ್ಬಿಯಲ್ಲಿ ಫಿಟ್ಟರನ ಸಂದೇಶವಿದೆ, ಐದಕ್ಕೆ ಅಳಿದುಹೋಗುತ್ತದೆ, ಗುಟ್ಟಿನ ನಂಬರು ನಿಮ್ಮಲ್ಲಿದೆ ಎಂದರು. ಮೇಷ್ಟ್ರು ಹೊರಗೆ ನೋಡುತ್ತ ಕೇಳಿಸಿಕೊಂಡರು. ಹೆಂಡತಿ ಮಧ್ಯಾಹ್ನ ಹನ್ನೆರಡಕ್ಕೆ ಊಟದ ಬಿಡುವಿನಲ್ಲಿ ತಮಗೆ ಫೋನು ಮಾಡುತ್ತಿದ್ದಳೆಂದು ಹೇಳಿದರು. ಈಗ ಅದೇ ಹೊತ್ತಿಗೆ ತಾವು ಮಾಡುತ್ತಾರಂತೆ, ದಿನಾ.

"ಅದನ್ನ ಒಂದು ಟೇಪಿಗೆ ಹಿಡಿದಿಟ್ಕೋಬಹುದಿತ್ತಲ್ಲ ಮೇಷ್ಟ್ರೇ?"

"ಹಿಡಿದಿಟ್ಟಿದೀನಿ. ಟೇಪು ಕೇಳಿದ್ರೆ ಅವಳು ಸತ್ತಿದಾಳೆ ಅನ್ಸುತ್ತೆ. ಫೋನು ಮಾಡಿದ್ರೆ ಕೆಲಸದ ಮೇಲಿದಾಳೆ ಅನ್ಸುತ್ತೆ."

ಟ್ರಂಕಮ್ಮ ಗಡಿಯಾರ ನೋಡಿದರು. ನಾಲ್ಕೂ ಐದು.

ಗುಟ್ಟಿನ ನಂಬರಿನ ಮಾತು ಬಂದಾಗ ಮೇಷ್ಟ್ರು ಅಡ್ಡಗೋಡೆಯ ಮೇಲೆ ದೀಪ ಇಡತೊಡಗಿದರು. ಅದು ಹೆಂಡತಿಯದು, ತಮಗೆ ಸರಿಯಾಗಿ ನೆನಪಿಲ್ಲ, ವಯಸ್ಸಾಯಿತು ಎಂದರು. ಟ್ರಂಕಮ್ಮ ಚೀಲದಿಂದ ದಾಖಲೆಯ ಕಾಗದ ತೆಗೆದು ಅವರ ಪಕ್ಕ ಕಿಟಕಿಯ ಕಟ್ಟೆಯ ಮೇಲೆ ಹರಡಿದರು. ಹನ್ನೆರಡೂ ಐದರ ಸಾಲಿನ ಕೆಳಗೆ ಉಗುರಿನ ಗೀರು ಹಾಗೇ ಇತ್ತು.

"ಅವತ್ತು ನೆನಪಿತ್ತು," ಎಂದರು.

ಮೇಷ್ಟ್ರು ಕನ್ನಡಕ ತೆಗೆದರು. ಹಾಕಿಕೊಂಡರು.

"ಅವತ್ತು ಡಬ್ಬಿಯಲ್ಲಿ ಒಂದು ಹೊಸ ಸಂದೇಶ ಇದೆ ಅಂತ ಯಂತ್ರ ಹೇಳ್ತು. ಎರಡು ವರ್ಷದಲ್ಲಿ ಎಷ್ಟೋ ಬಂದಿದಾವೆ, ನಾನು ತೆಗೆದಿರಲಿಲ್ಲ. ಅವತ್ತು ಯಾಕೋ ಅವಳಿಗೆ ಯಾರು ಏನು ಹೇಳಿದಾರೆ ನೋಡೋಣ ಅನ್ನಿಸ್ತು. ತೆಗೆದೆ. ಕೇಳಿದೆ."

"ಕೇಳಿ?"

"ಕೂತ್ಕೊಂಡೆ."

ಮುಂದಿನದನ್ನು ಮೇಷ್ಟ್ರು ನಿಧಾನವಾಗಿ, ಎದುರಿಗೆ ಬರೆದಿಟ್ಟದ್ದನ್ನು ಓದುವಂತೆ ಹೇಳಿದರು. ಯಾರಿಗಾದರೂ ತಿಳಿಸಬೇಕು ಎಂದು ಅವರಿಗೆ ಅನ್ನಿಸಿತ್ತು. ತಿಳಿಸಿದರೆ, ನಿಮಗೆ ಇದು ಎಲ್ಲಿಂದ ಗೊತ್ತಾಯಿತು ಎಂಬ ಪ್ರಶ್ನೆ ಬರುತ್ತದೆ. ಆಗ ಡಬ್ಬಿಯ ವಿಷಯ ಹೊರಬೀಳುತ್ತದೆ, ಅಳಿಸುತ್ತಾರೆ. ಇಷ್ಟು ಮುಖ್ಯವಾದ ಮಾತನ್ನು ಫಿಟ್ಟರ್ ಬೇರೆಯವರಿಗೂ ಹೇಳಿಯೇ ಇರುತ್ತಾನೆ ಎಂದು ಸಮಾಧಾನ ಮಾಡಿಕೊಂಡರು. ಊಟಕ್ಕೆ ಕೂತರು, ಸೇರಲಿಲ್ಲ. ಮಲಗಿದರು, ನಿದ್ದೆ ಬರಲಿಲ್ಲ. ಮೂರು ಗಂಟೆಯ ಮೇಲೆ ತಡೆಯಲಾಗದೆ ಎದ್ದು ಮತ್ತೆ ಫೋನು ಮಾಡಿ ಡಬ್ಬಿ ತೆರೆದು, ಆ ಸಂದೇಶವನ್ನು ಹಾಗೇ ಬಣ್ಣದ ಷೆಡ್ಡಿನ ಡಬ್ಬಿಗೆ ದಾಟಿಸಿದರು. ಹೇಗೆ ದಾಟಿಸುವುದೆಂದು ಹಿಂದೆ ಹೆಂಡತಿಯೇ ಹೇಳಿಕೊಟ್ಟಿದ್ದಳು. ಷೆಡ್ಡಿನ ನಂಬರು ಕೆಲಸದ ದಿನಗಳಿಂದ ಬಾಯಿಪಾಠ.

"ಎಷ್ಟು ಹೊತ್ತಿಗೆ?"

"ಮೂರೂ ಹತ್ತಕ್ಕೆ." ಅವರು ಕಾಗದದ ಕಡೆ ನೋಡಲಿಲ್ಲ. "ಮೂರು ಗಂಟೆ ಐದು ನಿಮಿಷ ಕೈಯಲ್ಲಿ ಇಟ್ಕೊಂಡು ಕೂತಿದ್ದೆ. ಒಂದು ಗೆರೆ ಅರ್ಧ ಕೂದಲಷ್ಟು ಓರೆಯಾದ್ರೆ ಇಡೀ ಹಾಳೆ ಹರಿದು ಹಾಕ್ತಿದ್ದವನು ನಾನು. ಈ ಮೂರು ಗಂಟೆಯನ್ನ ಎಲ್ಲಿ ಹರಿದು ಹಾಕಲಿ ಹೇಳಿ."

ಹೊರಗೆ ಯಾರದೋ ಸೈಕಲ್ಲಿನ ಗಂಟೆ ಕೇಳಿಸಿತು. ಟ್ರಂಕಮ್ಮ ಒಳಗೊಳಗೇ ಲೆಕ್ಕ ಹಾಕುತ್ತಿದ್ದರು. ಮೂರೂ ಹತ್ತಕ್ಕೆ ಷೆಡ್ಡಿಗೆ ಹೋಗಿದೆ. ನಾಲ್ಕಕ್ಕೆ ಮುಚ್ಚಳ ಹಾರಿದೆ. ನಡುವೆ ಐವತ್ತು ನಿಮಿಷ.

"ಷೆಡ್ಡಿನಲ್ಲಿ ಅದನ್ನ ಕೇಳಿದ್ರಾ?"

ಮೇಷ್ಟ್ರು ಹೌದೆಂದು ತಲೆಯಾಡಿಸಿದರು. ಮರುದಿನ ಮಧ್ಯಾಹ್ನ ಎಂದಿನಂತೆ ಹನ್ನೆರಡಕ್ಕೆ ಫೋನು ಮಾಡಿದಾಗ, ಹೊಸದೊಂದು ಸಂದೇಶ ಬಂದಿದೆ, ಬಣ್ಣದ ಷೆಡ್ಡಿನಿಂದ, ಹಿಂದಿನ ದಿನ ಮೂರೂ ಇಪ್ಪತ್ತಾರಕ್ಕೆ ಎಂದು ಯಂತ್ರ ಹೇಳಿತು. ಅಷ್ಟು ಹೊತ್ತಿಗೆ ಪತ್ರಿಕೆಯಲ್ಲಿ ಸಾವಿನ ಸುದ್ದಿ ಬಂದಿತ್ತು. ಸತ್ತವನ ಉತ್ತರ. ಅದನ್ನು ತೆರೆಯುವ ಧೈರ್ಯ ಅವರಿಗೆ ಬರಲಿಲ್ಲ. ಇಪ್ಪತ್ತೊಂಬತ್ತು ದಿನ, ದಿನಾ ಹೆಂಡತಿಯ ದನಿ ಕೇಳಿದ ಮೇಲೆ ಫೋನು ಇಟ್ಟುಬಿಡುತ್ತಿದ್ದರು.

"ಮೇಷ್ಟ್ರೇ," ಎಂದರು ಟ್ರಂಕಮ್ಮ, "ನಾಲ್ಕೂ ಇಪ್ಪತ್ತಾಯ್ತು. ನಾನು ನಿಮ್ಮನ್ನ ಒತ್ತಾಯ ಮಾಡಲ್ಲ ಅಂತ ಹೇಳೋಕೆ ಬಂದವಳಲ್ಲ. ಒತ್ತಾಯ ಮಾಡೋಕೇ ಬಂದಿರೋದು. ಹೊರಗೆ ಕಾರಿನಲ್ಲಿ ಒಬ್ಬ ಕೂತಿದಾನೆ. ಅವನ ಅಕ್ಕ ತಿಂಗಳಿಂದ ಅವನ ಮುಖ ನೋಡಿಲ್ಲ."

"ವಿಷಯ ಹೊರಗೆ ಬಂದ್ರೆ ಡಬ್ಬಿ ಮುಚ್ತಾರೆ. ಅಲ್ವಾ?"

ಇಲ್ಲ ಎಂದು ಹೇಳಬಹುದಿತ್ತು. ಟ್ರಂಕ್ ಲೈನಿನ ಕಾಲದಲ್ಲಿ ಅವರು ಸಾವಿರ ಜನಕ್ಕೆ, ಇದೋ ಸಿಕ್ಕಿತು, ಲೈನಿನಲ್ಲಿರಿ ಎಂದು ಸುಳ್ಳು ಹೇಳಿದ್ದರು.

"ಮುಚ್ತಾರೆ," ಎಂದರು.

ಮೇಷ್ಟ್ರು ಫೋನಿನ ಹೊದಿಕೆ ತೆಗೆದು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡರು. ದನಿ ಹೊರಗೆ ಕೇಳುವ ಗುಂಡಿ ಒತ್ತಿ, ಕಾರ್ಖಾನೆಯ ನಂಬರು ಡಯಲ್ ಮಾಡಿ, ಸೊನ್ನೆ ಒತ್ತಿದರು. ಟ್ರಂಕಮ್ಮ ಚೀಲದಿಂದ ಬೆಂಕಿಪೊಟ್ಟಣದಷ್ಟು ಚಿಕ್ಕ ರೆಕಾರ್ಡರು ತೆಗೆದು ಪಕ್ಕದಲ್ಲಿ ಇಟ್ಟರು.

"ನಮಸ್ಕಾರ, ನೀವು ಕಾರ್ಖಾನೆಗೆ ಫೋನ್ ಮಾಡಿದೀರಿ," ಎಂದಿತು ಸ್ವಲ್ಪ ಶೀತವಾದಂತಿದ್ದ ಹೆಣ್ಣು ದನಿ. "ಲೈನು ಬಿಜಿಯಾಗಿದೆ. ಹೋಗಬೇಡಿ, ನಾನು ಇಲ್ಲೇ ಇದೀನಿ."

ಮೇಷ್ಟ್ರು ಪೂರ್ತಿ ಕೇಳಿದರು. ಆಮೇಲೆ ಗುಟ್ಟಿನ ನಂಬರನ್ನು, ಕೈಯಿಂದ ಮರೆ ಮಾಡಿ, ಒತ್ತಿದರು. ಈಗಲೂ ಅದು ಹೆಂಡತಿಯದೇ.

ಮೊದಲು ಫಿಟ್ಟರನ ದನಿ ಬಂತು. ಹಿಂದೆ ಬಾಯ್ಲರಿನ ಗುಂಯ್‌ಗುಡುವಿಕೆ. "ಸರ್, ಕಾರ್ಖಾನೆ ಫಿಟ್ಟರ್ ಮಾತಾಡ್ತಿರೋದು. ಮೂರನೇ ಕೊಪ್ಪರಿಗೆ ಮುಚ್ಚಳದ ಎರಡು ಬೋಲ್ಟು ಬಿರುಕು ಬಿಟ್ಟಿವೆ. ನಾಲ್ಕು ಗಂಟೆಗೆ ಉಗಿ ಬಿಡೋ ಪಾಳಿ ಇದೆ. ಬಿಡಬಾರದು ಸರ್. ನೀವೊಂದು ಮಾತು ಷೆಡ್ಡಿಗೆ ಹೇಳಿಬಿಡಿ, ನಾನು ಹೇಳಿದ್ರೆ ಸರಿಹೋಗಲ್ಲ."

ಟ್ರಂಕಮ್ಮ ಕಣ್ಣು ಮುಚ್ಚಿದರು. ಅವನು ಹೇಳಿದ್ದು ಅಕ್ಷರ ಅಕ್ಷರವೂ ನಿಜ. ಮೂವತ್ತು ದಿನದಲ್ಲಿ ಮೊದಲ ಸಲ ಅವರಿಗೆ ಹಗುರವೆನ್ನಿಸಿತು. ಆ ಹಗುರ ಬಾಳಿದ್ದು ಮೇಷ್ಟ್ರು ಮುಂದಿನ ಗುಂಡಿ ಒತ್ತುವವರೆಗೆ.

ಎರಡನೆಯ ದನಿ ದಪ್ಪಗಿತ್ತು, ನಿಧಾನವಾಗಿತ್ತು, ನಗು ಬೆರೆತಿತ್ತು.

"ಯಾರು ಕಳಿಸಿದ್ದೋ ಗೊತ್ತಾಗಲಿಲ್ಲ, ಬೋರ್ಡಿನಿಂದ ಅಂತ ಬರ್ತಿದೆ. ನಾನು ಬಣ್ಣದ ಷೆಡ್ಡಿನ ಮೇಸ್ತ್ರಿ. ಕೇಳಿಸಿಕೊಂಡೆ. ಅದು ನಮ್ಮ ಭಾಮೈದನ ದನಿ, ನನಗೆ ಗೊತ್ತಾಗಲ್ವಾ. ನನ್ನ ಹತ್ರ ಮಾತು ಬಿಟ್ಟಿದಾನೆ. ಹೋಗ್ಲಿ, ಚಿಕ್ಕವನು, ನಾನೇ ಭಾನುವಾರ ಹೋಗಿ ಮಾತಾಡಿಸ್ತೀನಿ. ಇದು ಬೆಳಗಿನ ಮಾತು ಅನ್ಸುತ್ತೆ. ಎರಡು ಗಂಟೆಗೇ ದುರಸ್ತಿ ಚೀಟಿ ಬಂದಿದೆ, ಎರಡೂ ಬೋಲ್ಟು ಬದಲಾಯಿಸಿದೆ, ಉಗಿ ಬಿಡಬಹುದು ಅಂತ. ಮುಚ್ಚಳಕ್ಕೇ ಕಟ್ಟಿದಾರೆ. ಕೆಳಗಡೆ ಅವನದೇ ಸಹಿ. ಅವನು ಸಹಿ ಹಾಕಿದ ಮೇಲೆ ನಾನು ಬೇರೆ ಯಾರನ್ನೂ ಕೇಳಲ್ಲ. ನಾಲ್ಕಕ್ಕೆ ಉಗಿ ಬಿಡ್ತೀನಿ."

ಫೋನು ಕುಯ್ ಎಂದು ಸುಮ್ಮನಾಯಿತು.

ಮೇಷ್ಟ್ರು ಟ್ರಂಕಮ್ಮನ ಮುಖ ನೋಡಿದರು. ಟ್ರಂಕಮ್ಮ ರೆಕಾರ್ಡರಿನ ಕೆಂಪು ದೀಪ ನೋಡಿದರು. ಅಂಥ ಚೀಟಿಯ ಪ್ರಸ್ತಾಪ ವಿಚಾರಣೆಯ ಕಾಗದಗಳಲ್ಲಿ ಎಲ್ಲೂ ಇರಲಿಲ್ಲ. ಅಪಘಾತದ ಜಾಗದಲ್ಲಿ ಸಿಕ್ಕ ವಸ್ತುಗಳ ಪಟ್ಟಿಯಲ್ಲೂ ಇರಲಿಲ್ಲ. ಷೆಡ್ಡಿನ ಕಡೆ ಕಾಲಿಡಲಿಲ್ಲ ಎಂದವನ ಸಹಿ ಮುಚ್ಚಳಕ್ಕೆ ಕಟ್ಟಿದ ಚೀಟಿಯ ಮೇಲೆ ಹೇಗೆ ಬಂತು? ಬೇರೆ ಯಾರೋ ಹಾಕಿರಬಹುದು. ಅವನೇ ಹಾಕಿರಬಹುದು. ಅವನೇ ಹಾಕಿದ್ದರೆ, ಈ ಸಂದೇಶ ಹುಡುಕಿಕೊಡಿ ಎಂದು ಅವನೇ ಯಾಕೆ ಬರುತ್ತಿದ್ದ? ಮೊದಲನೆಯದು ಸಿಗಲಿ ಎಂದು ಬಂದ. ಎರಡನೆಯದೊಂದು ಇದೆ ಎಂದು ಅವನಿಗೆ ಗೊತ್ತಿರಲಿಲ್ಲ.

"ನಾನು ಹನ್ನೆರಡಕ್ಕೇ ದಾಟಿಸಿದ್ದಿದ್ರೆ," ಎಂದರು ಮೇಷ್ಟ್ರು, "ಆಗಿನ್ನೂ ಚೀಟಿ ಬಂದಿರ್ತಿರಲಿಲ್ಲ. ಅವನು ನಂಬ್ತಿದ್ದ."

ಟ್ರಂಕಮ್ಮ ಅವರ ಭುಜ ಮುಟ್ಟಿದರು. ಸೂಜಿಗೆ ಫೋನು ಮಾಡಿ, ಏನನ್ನೂ ಬದಲಾಯಿಸಬೇಡ ಎಂದರು. ಆಮೇಲೆ ಹೊರಡಬಹುದಿತ್ತು, ಹೊರಡಲಿಲ್ಲ. ಐದು ಹೊಡೆಯುವವರೆಗೂ ಇಬ್ಬರೂ ಆ ಫೋನಿನ ಬಳಿಯೇ ಇದ್ದರು. ಅಲ್ಲಿ, ಮೆಟ್ಟಿಲ ಕೆಳಗೆ, ಯಂತ್ರ ತನ್ನ ಪಾಡಿಗೆ ಗುಡಿಸಿಕೊಂಡಿತು. ಈಗ ಆ ಎರಡು ದನಿ ಇದ್ದದ್ದು ಟ್ರಂಕಮ್ಮನ ಚೀಲದಲ್ಲಿ ಮಾತ್ರ. ಮೊದಲರ್ಧ ಫಿಟ್ಟರನನ್ನು ಉಳಿಸುತ್ತಿತ್ತು. ಎರಡನೆಯ ಅರ್ಧ ಏನು ಮಾಡುತ್ತದೋ ಅವರಿಗೆ ತಿಳಿಯದು.

*

ಗೇಟಿನ ಹೊರಗೆ ಕಾರಿನ ಪಕ್ಕ ಇಬ್ಬರು ನಿಂತಿದ್ದರು.

ಸಂದೇಶ ಇದೆಯಂತೆ ಎಂದು ಫಿಟ್ಟರ್ ಅಕ್ಕನಿಗೆ ಫೋನು ಮಾಡಿದ್ದ. ಅವಳು ಬಂದಿದ್ದಳು. ಮನೆಯಲ್ಲಿ ಉಡುವ ಬಟ್ಟೆಯಲ್ಲೇ, ತಲೆಯನ್ನೂ ಬಾಚದೆ. ತಮ್ಮನಿಂದ ಎರಡು ಮಾರು ದೂರ ನಿಂತಿದ್ದಳು, ಆದರೆ ನಿಂತಿದ್ದಳು.

"ಸಿಕ್ತಾ ಅಮ್ಮಾ?" ಎಂದ ಫಿಟ್ಟರ್.

ಟ್ರಂಕಮ್ಮ ನಾಳೆ ನೋಡೋಣ ಎಂದರು. ವಿಚಾರಣೆಯವರ ಮುಂದೆ ಇಡಬೇಕಾದದ್ದು, ಹೀಗೆ ಬೀದಿಯಲ್ಲಿ ಕೇಳಿಸುವುದು ಸರಿಯಲ್ಲ ಎಂದರು. ಇನ್ನೂ ಎರಡು ಮೂರು ಕಾರಣ ಕೊಟ್ಟರು. ಎಲ್ಲವೂ ಒಳ್ಳೆಯ ಕಾರಣಗಳೇ. ಅಕ್ಕ ಎಲ್ಲವನ್ನೂ ಕೇಳಿ, ಅಂಗೈ ಚಾಚಿದಳು.

"ವಿಚಾರಣೆಯವರ ಗಂಡ ಸತ್ತಿಲ್ಲ," ಎಂದಳು. "ಮೊದಲು ನಾನು ಕೇಳ್ಬೇಕು."

ಟ್ರಂಕಮ್ಮ ರೆಕಾರ್ಡರನ್ನು ಕಾರಿನ ಮೂತಿಯ ಮೇಲಿಟ್ಟು ಗುಂಡಿ ಒತ್ತಿದರು. ಬಾಯ್ಲರಿನ ಸದ್ದು, ಬೋಲ್ಟಿನ ಬಿರುಕು, ಬಿಡಬಾರದು ಸರ್. ಅಕ್ಕ ಕಣ್ಣೊರೆಸಿಕೊಳ್ಳದೆ ಎರಡು ಮಾರು ದಾಟಿ ಬಂದು, ತಮ್ಮನ ತೋಳು ಹಿಡಿದು, ಅದಕ್ಕೆ ಹಣೆ ಒತ್ತಿದಳು.

ಇಲ್ಲಿಗೆ ನಿಲ್ಲಿಸಬೇಕೆಂದೇ ಟ್ರಂಕಮ್ಮ ಬೆರಳು ಸಿದ್ಧವಾಗಿಟ್ಟಿದ್ದರು. ನಿಲ್ಲಿಸಲಿಲ್ಲ. ಅವರಿಗೆ ಆ ಗಳಿಗೆಯಲ್ಲಿ ಫಿಟ್ಟರನ ಮುಖ ನೋಡಬೇಕಿತ್ತು. ಇದಕ್ಕಾಗಿ ಅವರು ಮುಂದೆ ಎಷ್ಟೋ ದಿನ ತಮ್ಮನ್ನು ತಾವು ಶಪಿಸಿಕೊಂಡರು. ಕಸುಬು ಮಾತ್ರ ಶಾಪಕ್ಕೆ ಹೆದರುವಂಥದ್ದಲ್ಲ.

"ನಾನು ಬಣ್ಣದ ಷೆಡ್ಡಿನ ಮೇಸ್ತ್ರಿ," ಎಂದಿತು ರೆಕಾರ್ಡರು.

ಅಕ್ಕ ತಲೆ ಎತ್ತಿದಳು. ಸತ್ತ ಗಂಡ ನಗುತ್ತ ಮಾತಾಡುತ್ತಿದ್ದ. ನಮ್ಮ ಭಾಮೈದನ ದನಿ, ನನಗೆ ಗೊತ್ತಾಗಲ್ವಾ. ಹೋಗ್ಲಿ, ಚಿಕ್ಕವನು, ನಾನೇ ಭಾನುವಾರ...

"ನಿಲ್ಲಿಸಿ ಅಮ್ಮಾ," ಎಂದ ಫಿಟ್ಟರ್. ಅವನ ಮುಖ ಸುಣ್ಣದಂತಾಗಿತ್ತು. "ಆ ಚೀಟಿ ವಿಷಯ ನಾನೇ ಅವಳಿಗೆ ಹೇಳ್ತೀನಿ."

ಟ್ರಂಕಮ್ಮ ಗುಂಡಿ ಒತ್ತಿದರು. ರೆಕಾರ್ಡರಿನಲ್ಲಿ ಚೀಟಿಯ ಮಾತು ಇನ್ನೂ ಬಂದೇ ಇರಲಿಲ್ಲ.

ಅಕ್ಕ ತಮ್ಮನ ತೋಳು ಬಿಟ್ಟಳು.

"ಯಾವ ಚೀಟಿ?"